ಹುಡುಗ ದಡ್ಡನಲ್ಲ, ಶಾಲೆ ತಪ್ಪಿದ್ದು ಜಾಸ್ತಿ

ಸರ್, ಮಾನ್ವಿಯಲ್ಲಿ ನಿಮ್ಮ ಪಕ್ಕದ ಮನೆಯ ಐದನೇ ಕ್ಲಾಸ್ ಹುಡುಗನಿಗೆ ಭಾಗಾಕಾರ ಬರುವುದಿಲ್ಲ, ಅಪ್ಪ ಅಮ್ಮ ಓದಿಲ್ಲ, ಅದಕ್ಕೇ ಹೀಗಾ ಎಂದು ಕೇಳಿದ್ದೀರಿ. ಮೊದಲು ಅವನ ಹಾಜರಿ ನೋಡಿ. ನಮ್ಮ ರಾಯಚೂರು ಕಡೆ ದಸರಾ ಮುಗಿದ ಮೇಲೆ ಹತ್ತಿ ಬಿಡಿಸುವ ಕೆಲಸ ಜೋರು. ಮಕ್ಕಳೂ ಹೊಲಕ್ಕೆ ಹೋಗುತ್ತಾರೆ, ಇಲ್ಲಾಂದ್ರೆ ಮನೆಯಲ್ಲಿ ತಮ್ಮನನ್ನೋ ತಂಗಿಯನ್ನೋ ಆಡಿಸುತ್ತಾರೆ. ಭಾಗಾಕಾರ ಹೇಳಿಕೊಟ್ಟ ವಾರ ಇವನು ಹೊಲದಲ್ಲಿದ್ದರೆ ಎಲ್ಲಿಂದ ಬರಬೇಕು, ಅಲ್ವಾ?

ನಾನು ಸಂಜೆ ಪಾಠ ಹೇಳುವ ಒಬ್ಬ ಹುಡುಗಿ ಇದ್ದಾಳೆ. ಬಿಡಿಸಿದ ಹತ್ತಿಗೆ ಕೆಜಿಗೆ ಇಷ್ಟು ಅಂದರೆ ಸಾಕು, ಅವ್ವನ ಕೂಲಿ ಥಟ್ಟನೆ ಬಾಯಲ್ಲೇ ಹೇಳುತ್ತಾಳೆ. ಅದನ್ನೇ ಸ್ಲೇಟಿನ ಮೇಲೆ ಬರೆದರೆ ಸುಮ್ಮನಾಗುತ್ತಾಳೆ. ಅವಳೂ ಹತ್ತಿ ಬಿಡಿಸುತ್ತಾಳೆ, ಹತ್ತಿಕಾಯಿಯ ಮೊನೆ ಚುಚ್ಚಿ ಬೆರಳ ತುದಿ ಒಡೆದಿರುತ್ತದೆ. ಬಳಪ ಹಿಡಿಯುವುದೇ ಕಷ್ಟ.

ಅಪ್ಪ ಅಮ್ಮ ಓದಿಲ್ಲದಿರುವುದು ತೊಂದರೆಯೇ, ಹೋಮ್‌ವರ್ಕ್ ನೋಡುವವರಿಲ್ಲ. ಆದರೆ ಅವರಿಗೆ ಮಕ್ಕಳನ್ನು ಓದಿಸುವ ಆಸೆಯೇ ಇಲ್ಲ ಅನ್ನುವ ಮಾತು ನಾನು ಒಪ್ಪುವುದಿಲ್ಲ. ಸಾಲ ತೀರಬೇಕಲ್ಲ, ಅದಕ್ಕೇ ಮಕ್ಕಳನ್ನೂ ಕೆಲಸಕ್ಕೆ ಹಚ್ಚುತ್ತಾರೆ.

ಅಲ್ಲೇ ಉಳಿದು ಓದಿದರೆ ಶಾಲೆ ತಪ್ಪುವುದಿಲ್ಲ; ಸರ್ಕಾರದ ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಆರನೇ ಕ್ಲಾಸಿಗೆ ಪ್ರವೇಶ ಪರೀಕ್ಷೆ ಇರುತ್ತದೆ. ಈ ವರ್ಷವೇ ಬರೆಸಿ. ಅಷ್ಟರೊಳಗೆ ದಿನಾ ಅರ್ಧ ಗಂಟೆ ಕೂರಿಸಿ, ಕಳೆಯುವ ಲೆಕ್ಕದಿಂದ ಶುರು ಮಾಡಿ, ಭಾಗಾಕಾರಕ್ಕೆ ಆಮೇಲೆ ಬನ್ನಿ.