“ಮಗಳಿಗೆ ಸ್ವಲ್ಪ ಬುದ್ಧಿ ಹೇಳಿ ಮೇಡಂ”: ಒಬ್ಬ ಡೌನ್‌ಹಿಲ್ ರೇಸರ್ ಪ್ರಕರಣ

ನನ್ನ ಬಳಿ ಕೌನ್ಸೆಲಿಂಗ್‌ಗೆ ಬಂದ ಪ್ರಕರಣ ಇದು. ಹೆಸರು, ವಯಸ್ಸು, ಗುರುತು ಸಿಗುವ ವಿವರ ಎಲ್ಲ ಬದಲಿಸಿದ್ದೇನೆ. ಬರೆಯಲು ತಾಯಿ, ಮಗಳು ಇಬ್ಬರೂ ಒಪ್ಪಿದ್ದಾರೆ. ಮಗಳನ್ನು ಮೇಘನಾ ಅನ್ನೋಣ.

ದಾವಣಗೆರೆ ಕಡೆಯ ಕುಟುಂಬ, ಇರುವುದು ಬ್ರಿಟನ್ನಿನ ವೇಲ್ಸ್‌ನಲ್ಲಿ. ಅಪ್ಪ ಅಲ್ಲಿ ಆಸ್ಪತ್ರೆಯಲ್ಲಿ ಡಾಕ್ಟರ್. ಮೇಘನಾ ವೃತ್ತಿಪರ ಡೌನ್‌ಹಿಲ್ ಮೌಂಟನ್ ಬೈಕ್ ರೇಸರ್. ಹವ್ಯಾಸ ಅಲ್ಲ, ತಂಡದಿಂದ ಸಂಬಳ ಬರುವ ಕೆಲಸ. ಮೊದಲು ಫೋನ್ ಮಾಡಿದ್ದು ಅಮ್ಮ. “ಬಿದ್ದು ಕಾಲರ್ ಬೋನ್ ಮುರ್ಕೊಂಡಿದ್ದಾಳೆ, ಪ್ಲೇಟ್ ಹಾಕಿದ್ದಾರೆ. ಆದ್ರೂ ಮತ್ತೆ ಹೋಗ್ತೀನಿ ಅಂತಾಳೆ. ಸ್ವಲ್ಪ ಬುದ್ಧಿ ಹೇಳಿ ಮೇಡಂ. ಮದುವೆ ವಯಸ್ಸು ಬೇರೆ.”

ನಾನು ಅವರಿಗೆ ಹೇಳಿದ್ದು ಇಷ್ಟೇ. ಮಾತಾಡಲು ಮಗಳಿಗೆ ಇಷ್ಟ ಇದ್ದರೆ ಮಾತಾಡುತ್ತೇನೆ, ಆದರೆ ನಿಮ್ಮ ಪರ ವಕಾಲತ್ತು ಮಾಡಲ್ಲ, ಅವಳು ಹೇಳಿದ್ದು ನಿಮ್ಮ ಕಿವಿಗೆ ಬರಲ್ಲ. ಅಮ್ಮಂದಿರಿಗೆ ಇದು ಕಹಿ ಗುಳಿಗೆ. ಆದರೂ ಒಪ್ಪಿದರು.

ಈ ಆಟ ನೋಡದವರಿಗೆ ಸ್ವಲ್ಪ ಹೇಳಬೇಕು. ಬೆಟ್ಟದ ಮೇಲಿಂದ ಒಬ್ಬೊಬ್ಬರೇ ಸೈಕಲ್‌ನಲ್ಲಿ ಇಳಿಯುತ್ತಾರೆ, ಗಡಿಯಾರವೇ ಎದುರಾಳಿ. ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂ ಟ್ರ್ಯಾಕ್ ತೆಗೆದುಕೊಳ್ಳಿ. ಉದ್ದ ಸುಮಾರು 2.8 ಕಿಲೋಮೀಟರ್, ಅಷ್ಟರಲ್ಲೇ 550 ಮೀಟರ್ ಕೆಳಗೆ ಬರಬೇಕು, ಅದೂ ಐದು ನಿಮಿಷದ ಆಸುಪಾಸಿನಲ್ಲಿ, ಬಂಡೆ ಬೇರು ಕೆಸರು ಎಲ್ಲದರ ಮೇಲೆ. ಮೌಂಟನ್ ಬೈಕಿಂಗ್ 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಸೇರಿದಾಗ ಸೇರಿದ್ದು ಕ್ರಾಸ್-ಕಂಟ್ರಿ ಮಾತ್ರ. ಡೌನ್‌ಹಿಲ್ ಇವತ್ತಿಗೂ ಹೊರಗೇ ಇದೆ. ಹಾಗಾಗಿ ಹೊಟ್ಟೆಪಾಡು ತಂಡ, ಪ್ರಾಯೋಜಕರ ಮೇಲೆ. ಒಪ್ಪಂದ ಸಾಮಾನ್ಯವಾಗಿ ವರ್ಷದ ಲೆಕ್ಕದ್ದು, ಸೀಸನ್ ಮುಗಿಯುವ ಹೊತ್ತಿಗೆ ಮುಂದಿನ ವರ್ಷದ ಮಾತುಕತೆ ಶುರು. ಈ ಕೊನೆಯ ವಿಷಯ ಇಲ್ಲದಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ.

ಮೇಘನಾ ಕೇಳಿದ್ದು ಒಂದೇ. “ಆಂಟಿ, ಮೂಳೆ ಕೂಡಿದೆ. ಆದ್ರೆ ಬ್ರೇಕ್ ಬಿಡೋಕೆ ಆಗ್ತಿಲ್ಲ. ಭಯ ಹೋಗೋಕೆ ಏನಾದ್ರೂ ಟೆಕ್ನಿಕ್ ಹೇಳಿ, ಸೆಪ್ಟೆಂಬರ್ ಒಳಗೆ.” ಅವಳು ಬಿದ್ದದ್ದು ಜೂನ್‌ನಲ್ಲಿ, ಯುರೋಪಿನ ಒಂದು ಟ್ರ್ಯಾಕ್‌ನಲ್ಲಿ, ಅಭ್ಯಾಸದ ಸಮಯದಲ್ಲಿ.

ರೇಸರ್‌ಗಳು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಇಡೀ ಟ್ರ್ಯಾಕ್ ಇಳಿಯುತ್ತಾರೆ. ಅವಳಿಗೂ ಅದು ಅಭ್ಯಾಸ. ನನ್ನ ಮುಂದೆಯೇ, ವಿಡಿಯೋ ಕಾಲ್‌ನಲ್ಲಿ, ಬಿದ್ದ ಟ್ರ್ಯಾಕನ್ನೇ ಇಳಿ ಅಂದೆ. ಎರಡೂ ಕೈ ಮುಂದೆ ಹಿಡಿದಳು, ಹ್ಯಾಂಡಲ್ ಹಿಡಿದ ಹಾಗೆ. ತಿರುವಿಗೆ ತಕ್ಕ ಹಾಗೆ ಭುಜ ವಾಲುತ್ತಿತ್ತು. ಒಂದು ಜಾಗದಲ್ಲಿ ಬಲಗೈ ತೋರುಬೆರಳು ಮಡಚಿಕೊಂಡಿತು, ಹಾಗೇ ಬಿಗಿಯಾಗಿ ಉಳಿಯಿತು. ಬ್ರಿಟನ್ನಿನ ಸೈಕಲ್‌ಗಳಲ್ಲಿ ಬಲಗೈ ಲಿವರ್ ಅಂದರೆ ಮುಂದಿನ ಬ್ರೇಕ್. ಬಂಡೆಗಳ ನಡುವೆ ಮುಂದಿನ ಬ್ರೇಕ್ ಅಮುಕಿದರೆ ಏನಾಗುತ್ತೆ ಅಂತ ಸ್ಕೂಟರ್ ಓಡಿಸುವ ಯಾರನ್ನಾದರೂ ಕೇಳಿ.

ಸರಿ, ಭಯದ ಜಾಗ ಸಿಕ್ಕಿತು ಅಂದುಕೊಳ್ಳುವಷ್ಟರಲ್ಲಿ ಅವಳು ಕಣ್ಣು ಬಿಟ್ಟು ಹಣೆ ಒತ್ತಿಕೊಂಡಳು. ಸ್ಕ್ರೀನಿನ ಬೆಳಕು ಕಡಿಮೆ ಮಾಡಿದಳು. ಆವರೆಗೆ ಆಗಾಗ ಮುಖ ತಿರುಗಿಸಿ ಕೂರುತ್ತಿದ್ದದ್ದೂ ಆಗ ನನಗೆ ಅರ್ಥವಾಯಿತು. ತಲೆನೋವಾ ಅಂದೆ. ಸ್ವಲ್ಪ ಅಂದಳು. ಯಾವಾಗಿನಿಂದ? ತುಂಬಾ ಹೊತ್ತು ಸುಮ್ಮನಿದ್ದು, ಬಿದ್ದಾಗಿನಿಂದ ಅಂದಳು.

ಒಂದೊಂದಾಗಿ ಹೊರಬಂತು. ಹೆಲ್ಮೆಟ್ ಬಿರುಕು ಬಿಟ್ಟಿತ್ತು. ಸಿಟಿ ಸ್ಕ್ಯಾನ್ ನಾರ್ಮಲ್ ಬಂದಿತ್ತು, ಅದನ್ನು ನೋಡಿ ಮನೆಯಲ್ಲಿ ಎಲ್ಲರೂ ನಿಟ್ಟುಸಿರು ಬಿಟ್ಟಿದ್ದರು. ಆದರೆ ನಿದ್ದೆ ಸರಿಯಿಲ್ಲ, ಜನ ಜಾಸ್ತಿ ಇರುವ ಕಡೆ ತಲೆ ಸುತ್ತು, ಓದಿದ ಸಾಲನ್ನೇ ಮತ್ತೆ ಓದಬೇಕು, ಅಮ್ಮನ ಮೇಲೆ ಸುಮ್ನೆ ರೇಗಾಟ. ಯಾರಿಗೂ ಹೇಳಿಲ್ಲ. ತಂಡದವರು ಕೇಳಿದರೆ “ಆಲ್ ಗುಡ್”. ಯಾಕೆ ಅಂದರೆ, ಕೈ ಮುರಿದರೆ ಆರು ವಾರ ಅಂತ ಲೆಕ್ಕ ಹೇಳಬಹುದು, ತಲೆಗೆ ಲೆಕ್ಕ ಇಲ್ಲ. ಲೆಕ್ಕ ಇಲ್ಲದವಳ ಜೊತೆ ಮುಂದಿನ ವರ್ಷಕ್ಕೆ ಯಾರು ಸಹಿ ಹಾಕುತ್ತಾರೆ?

ಅವಳ ಆತಂಕ ಸುಳ್ಳು ಅನ್ನಲಾರೆ. ಆದರೆ ನನ್ನ ಕೆಲಸ ಅಲ್ಲಿಗೆ ನಿಂತಿತು. ಭಯಕ್ಕೆ ಯಾವ ಟೆಕ್ನಿಕ್ಕೂ ಈಗ ಹೇಳಲ್ಲ, ಮೊದಲು ಡಾಕ್ಟರ್ ಅಂದೆ. ಸ್ಕ್ಯಾನ್ ನೋಡುವುದು ಮುಖ್ಯವಾಗಿ ರಕ್ತಸ್ರಾವ ಇದೆಯಾ ಅಂತ, ಕನ್ಕಶನ್, ಅಂದರೆ ತಲೆಗೆ ಪೆಟ್ಟು ಬಿದ್ದು ಮೆದುಳು ಅಲುಗಿ ಆಗುವ ತೊಂದರೆ, ಅದರಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ. ದೊಡ್ಡವರಲ್ಲಿ ಹೆಚ್ಚಿನವರಿಗೆ ಕೆಲವೇ ವಾರಗಳಲ್ಲಿ ಸರಿಹೋಗುತ್ತದೆ. ತಿಂಗಳು ದಾಟಿದರೂ ಉಳಿದರೆ ತಜ್ಞರು ನೋಡಲೇಬೇಕು. ಅದು ಮಾಯುವ ಮುಂಚೆ ಇನ್ನೊಂದು ಪೆಟ್ಟು ಬಿದ್ದರೆ ಅಪಾಯ ಬೇರೆಯದೇ ಮಟ್ಟದ್ದು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ ಕೂಡ 2021ರಿಂದ ಕನ್ಕಶನ್‌ಗೆ ಒಂದು ಕ್ರಮ ಗೊತ್ತುಮಾಡಿದೆ. ಇನ್ನೊಂದು ಮಾತು ಹೇಳಿದಾಗ ಅವಳ ಮುಖ ಸ್ವಲ್ಪ ಸಡಿಲವಾಯಿತು: ಬ್ರೇಕ್ ಬಿಡಲಾಗದಿರುವುದಕ್ಕೆ ಹೆದರಿಕೆಯೇ ಕಾರಣ ಅಂತ ಯಾಕೆ ಅಂದುಕೊಳ್ಳಬೇಕು? ಕಣ್ಣು, ಕಿವಿಯೊಳಗಿನ ಸಮತೋಲನ ಸರಿಯಾಗಿ ಕೆಲಸ ಮಾಡದಿದ್ದರೆ ಬೆರಳು ಬ್ರೇಕ್ ಹಿಡಿಯುವುದೇ ಸರಿ ಅಲ್ವಾ.

ಅಪ್ಪನಿಗೆ ಅವಳೇ ಹೇಳಿದಳು. ಅವರು ಬೈಯಲಿಲ್ಲವಂತೆ, ಮರುದಿನವೇ ಅಪಾಯಿಂಟ್‌ಮೆಂಟ್ ಹುಡುಕಿದರಂತೆ. ತಜ್ಞರು ಉಳಿದ ಸೀಸನ್ ಬೇಡ ಅಂದರು. ಸಮತೋಲನಕ್ಕೆ ವೆಸ್ಟಿಬ್ಯುಲರ್ ಫಿಸಿಯೋಥೆರಪಿ ಶುರುವಾಯಿತು.

ನಡುವೆ ಅಮ್ಮನ ಜೊತೆ ಒಮ್ಮೆ ಬೇರೆಯಾಗಿ ಮಾತಾಡಿದೆ, ಮೇಘನಾಳನ್ನು ಕೇಳಿಯೇ. ರೇಸ್ ದಿನ ಅವರು ಲೈವ್ ಟೈಮಿಂಗ್ ಪುಟ ತೆರೆದು ಕೂರುತ್ತಾರೆ. ವಿಡಿಯೋ ನೋಡಲ್ಲ, ಅಂಕಿ ಮಾತ್ರ. ಟ್ರ್ಯಾಕ್ ಉದ್ದಕ್ಕೂ ಟೈಮ್ ಹಿಡಿಯುವ ಜಾಗಗಳಿರುತ್ತವೆ, ಮಗಳು ಒಂದೊಂದು ದಾಟಿದಾಗ ಒಂದೊಂದು ಅಂಕಿ ಬರುತ್ತದೆ. ಎರಡನೆಯದಾದ ಮೇಲೆ ಮೂರನೆಯದು ತಡವಾದರೆ ಎದ್ದು ಹೋಗಿ ಗ್ಯಾಸ್ ಕಟ್ಟೆ ಹಿಡಿದು ನಿಲ್ಲುತ್ತೇನೆ ಅಂದರು. ಇಂಥ ಭಯ ಇರುವವರಿಗೆ “ಮಗಳ ಕನಸಿಗೆ ಅಡ್ಡ ಬರಬೇಡಿ” ಅಂತ ಹೇಳುವ ಧೈರ್ಯ ನನಗಿಲ್ಲ, ಹೇಳುವವರನ್ನು ಕಂಡರೆ ಸಿಟ್ಟೂ ಬರುತ್ತದೆ. ನಾನು ಕೇಳಿಕೊಂಡದ್ದು ಎರಡು. ರೇಸ್ ಮುಗಿದ ತಕ್ಷಣ ಫೋನ್ ಮಾಡುವ ಜವಾಬ್ದಾರಿ ತಂಡದ ಯಾರಾದರೊಬ್ಬರಿಗೆ ಕೊಡಿಸಿ. ಮದುವೆ ಮಾತು ಗಾಯದ ಮಾತಿನ ಜೊತೆ ಬೆರೆಸಬೇಡಿ. ಬೆರೆಸಿದ್ದಕ್ಕೇ ಅವಳು ಮನೆಯಲ್ಲಿ ತಲೆನೋವು ಮುಚ್ಚಿಟ್ಟಿದ್ದು, ನೋವು ಅಂದರೆ ಸಾಕು “ನೋಡು, ಬಿಟ್ಟುಬಿಡು” ಅನ್ನೋ ಉತ್ತರ ರೆಡಿ ಇತ್ತು. ಇದನ್ನು ಅಮ್ಮನಿಗೆ ಹೇಳಬಹುದು ಅಂತ ಮೇಘನಾಳೇ ಅನುಮತಿ ಕೊಟ್ಟಿದ್ದಳು.

“ಮಗು ಆದ್ಮೇಲೆ ಇದೆಲ್ಲ ಹೇಗೂ ಮುಗೀತಲ್ವಾ” ಅಂದರು ಅವರು. ಬ್ರಿಟನ್ನಿನ ಡೌನ್‌ಹಿಲ್ ರೇಸರ್ ರೇಚಲ್ ಆಥರ್ಟನ್ ವಿಷಯ ಹೇಳಿದೆ. 2016ರಲ್ಲಿ ವಿಶ್ವಕಪ್‌ನ ಎಲ್ಲ ಸುತ್ತು ಗೆದ್ದವಳು, 2019ರಲ್ಲಿ ಫ್ರಾನ್ಸಿನ ಲೆ ಜೆಯಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡಳು, 2021ರಲ್ಲಿ ತಾಯಿಯಾದಳು, 2023ರಲ್ಲಿ ಸ್ವಿಟ್ಜರ್ಲೆಂಡಿನ ಲೆಂಜರ್‌ಹೈಡೆಯಲ್ಲಿ ಮತ್ತೆ ವಿಶ್ವಕಪ್ ಸುತ್ತು ಗೆದ್ದಳು. ಇದನ್ನೇ ಮಗಳಿಗೆ ಹೇಳಿದಾಗ ನಕ್ಕಳು. “ಅವ್ರು ಆಥರ್ಟನ್, ಆಂಟಿ. ಅಣ್ಣಂದಿರೇ ರೇಸರ್ಸ್, ಮನೆಯದ್ದೇ ಸೈಕಲ್ ಕಂಪನಿ. ನಾನು ಹದಿನೈದನೇ ಸ್ಥಾನಕ್ಕೆ ಒದ್ದಾಡೋಳು.” ಸರಿಯಾದ ಮಾತು. ಆಗ ಆಸ್ಟ್ರೇಲಿಯಾದ ಟ್ರೇಸಿ ಹ್ಯಾನಾ ಹೆಸರು ತೆಗೆದೆ: 2019ರಲ್ಲಿ ವಿಶ್ವಕಪ್‌ನ ಒಟ್ಟಾರೆ ಪ್ರಶಸ್ತಿ ಗೆದ್ದು, 2020ಕ್ಕೆ ವಿಶ್ವಕಪ್ ರೇಸಿಂಗ್‌ನಿಂದ ನಿವೃತ್ತಿ. ಬಿಟ್ಟವರನ್ನೆಲ್ಲ ಸೋತವರ ಲೆಕ್ಕಕ್ಕೆ ಸೇರಿಸಬೇಕಿಲ್ಲ. ಇದಕ್ಕೆ ಅವಳು ನಗಲಿಲ್ಲ.

ಬಿಡಬೇಕಾ, ಮುಂದುವರಿಯಬೇಕಾ ಅನ್ನುವುದಕ್ಕೆ ನಾನು ಉತ್ತರ ಕೊಡಲಿಲ್ಲ. ತಲೆಸುತ್ತು ಇರುವಾಗ, ಸಹಿಯ ಗಡುವು ಕುತ್ತಿಗೆಗೆ ಬಂದಿರುವಾಗ ಅದನ್ನು ತೀರ್ಮಾನಿಸಬೇಡ ಅಂದೆ. ಡಾಕ್ಟರ್ ಹಸಿರು ನಿಶಾನೆ ಕೊಟ್ಟ ಮೇಲೆ ವಾಪಸಾಗುವ ದಾರಿ ಹೀಗಿಟ್ಟೆವು. ಬ್ರಿಟನ್ನಿನ ಬೈಕ್ ಪಾರ್ಕ್‌ಗಳಲ್ಲಿ ಹಾದಿಗಳಿಗೆ ಕಷ್ಟಕ್ಕೆ ತಕ್ಕ ಬಣ್ಣ ಇದೆ: ಹಸಿರು, ನೀಲಿ, ಕೆಂಪು, ಕಪ್ಪು. ನೀಲಿಯಿಂದ ಶುರು, ಗಡಿಯಾರ ಬೇಡ. ತಲೆ ನೋಯದೆ ರಾತ್ರಿ ನಿದ್ದೆ ಬಂದರಷ್ಟೇ ಮುಂದಿನ ಬಣ್ಣ. ಬಂಡೆ ಜಾಗ ಬಂದಾಗ ಇಡೀ ಇಳಿಜಾರು ಬೇಡ, ಆ ತುಂಡನ್ನು ಮಾತ್ರ, ಮೊದಲು ನಡೆದು ನೋಡಿ, ಆಮೇಲೆ ಸೈಕಲ್.

ದುಡ್ಡಿನ ವಿಷಯಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ಅವಳ ಒಪ್ಪಂದದಲ್ಲಿ ಗಾಯವಾದರೆ ಸಂಬಳ ಏನಾಗುತ್ತದೆ ಅಂತ ಅವಳು ಓದಿಯೇ ಇರಲಿಲ್ಲ. ಓದಿಸಿದೆ. ಡಿಸೆಂಬರ್‌ವರೆಗೆ ಸಂಬಳ ಬರುತ್ತದೆ ಅಂತ ಸ್ಪಷ್ಟವಾಗಿ ಇತ್ತು! ಇಷ್ಟು ದಿನ ಮುಚ್ಚಿಟ್ಟದ್ದಕ್ಕೆ ಅರ್ಧ ಕಾರಣವೇ ಇರಲಿಲ್ಲ. ತಂಡಕ್ಕೆ ಡಾಕ್ಟರ್ ಪತ್ರದ ಜೊತೆ ಅವಳೇ ಬರೆದಳು.

ಆ ತಂಡ ಮುಂದಿನ ವರ್ಷಕ್ಕೆ ಬೇಡ ಅಂದಿತು. ಇನ್ನೊಂದು ತಂಡ ಸೈಕಲ್, ಬಿಡಿಭಾಗ ಕೊಡುತ್ತದಂತೆ, ಸಂಬಳ ಇಲ್ಲ. ಅವಳು ಹೂಂ ಅಂದಿದ್ದಾಳೆ, ವಾರದ ಕೊನೆಗೆ ಹುಡುಗಿಯರಿಗೆ ಕೋಚಿಂಗ್ ಕೂಡ ಶುರು ಮಾಡಿದ್ದಾಳೆ. ಇದ್ದಬದ್ದ ಕೆಂಪು ಹಾದಿಗಳೆಲ್ಲ ಆಗಿವೆ, ಕಪ್ಪು ಇನ್ನೂ ಇಲ್ಲ. ಅಮ್ಮ ಮೊನ್ನೆ ಫೋನ್ ಮಾಡಿ, ಬುದ್ಧಿ ಹೇಳಿ ಅಂದ್ರೆ ಸಂಬಳ ಇಲ್ಲದ ಕೆಲಸಕ್ಕೆ ಕಳಿಸಿದ್ರಲ್ಲ ಮೇಡಂ ಅಂದರು. ಮುಂದಿನ ಸೆಷನ್‌ಗೆ ಇಬ್ಬರನ್ನೂ ಒಟ್ಟಿಗೆ ಕರೆದಿದ್ದೇನೆ.