ಗೋಜು-ರ್ಯೂ ಕರಾಟೆ ಜಪಾನಿನದೋ, ಚೀನಾದ್ದೋ?

ಮಗನನ್ನು ಗೋಜು-ರ್ಯೂ ಕರಾಟೆ ಕ್ಲಾಸಿಗೆ ಸೇರಿಸಿದ್ದೀರಿ, ಇದರ ಮೂಲ ಜಪಾನೋ ಚೀನಾನೋ ಅಂತ ಕೇಳಿದ್ದೀರಿ. ಕೆಲವು ವರ್ಷ ಇದನ್ನೇ ಕಲಿತವನಾಗಿ ಹೇಳ್ತೀನಿ: ಎರಡೂ ಅಲ್ಲ, ಈಗ ಜಪಾನಿಗೆ ಸೇರಿರುವ ಒಕಿನಾವಾ ಅನ್ನೋ ದ್ವೀಪದ್ದು.

ಒಕಿನಾವಾವನ್ನು ಜಪಾನ್ ಪೂರ್ತಿ ತನ್ನದು ಮಾಡಿಕೊಂಡಿದ್ದು 1879ರಲ್ಲಿ. ಅಲ್ಲಿವರೆಗೆ ಅಲ್ಲಿ ರ್ಯೂಕ್ಯೂ ಅರಸರಿದ್ದರು, ಚೀನಾದ ಜೊತೆ ನೂರಾರು ವರ್ಷಗಳ ವ್ಯಾಪಾರವಿತ್ತು. ನಾಹಾ ಬಂದರಿನ ಹಿಗಾಒನ್ನಾ ಕನ್ರ್ಯೋ (1853–1915) ಚೀನಾದ ಫೂಜೌಗೆ ಹೋಗಿ ಅಲ್ಲಿನ ಕಾದಾಟದ ಕಲೆ ಕಲಿತು ಬಂದರು. ಅವರು ಕಲಿಸಿದ್ದಕ್ಕೆ ನಾಹಾ-ತೆ ಅಂತ ಹೆಸರು. ತೆ ಅಂದ್ರೆ ಕೈ, ಅಷ್ಟೇ.

ಅವರ ಹತ್ತಿರ ಹದಿನಾಲ್ಕನೇ ವಯಸ್ಸಿಗೆ ಸೇರಿದ ಹುಡುಗ ಮಿಯಾಗಿ ಚೋಜುನ್. ಗೋಜು-ರ್ಯೂ ಅನ್ನೋ ಹೆಸರು ಇಟ್ಟವರು ಇವರೇ. ಅದೂ ಒಂಥರಾ ಮುಜುಗರದಿಂದ ಹುಟ್ಟಿದ ಹೆಸರು! 1930ರ ಸುಮಾರಿಗೆ ಅವರ ಶಿಷ್ಯ ಶಿನ್ಜಾತೊ ಜಿನ್‌ಆನ್ ಟೋಕಿಯೊದಲ್ಲಿ ಪ್ರದರ್ಶನ ಕೊಟ್ಟಾಗ, ನಿಮ್ಮದು ಯಾವ ಶೈಲಿ ಅಂತ ಯಾರೋ ಕೇಳಿದರಂತೆ. ಹೇಳೋಕೆ ಹೆಸರೇ ಇರಲಿಲ್ಲ. ಊರಿಗೆ ಬಂದು ಗುರುಗಳಿಗೆ ಹೇಳಿದಾಗ ಅವರು 'ಬುಬಿಶಿ' ಅನ್ನೋ ಹಳೆಯ ಗ್ರಂಥದ ಒಂದು ಸಾಲಿನಿಂದ ಹೆಸರು ಆರಿಸಿದರು. ಉಸಿರು ಎಳೆಯುವುದರಲ್ಲೂ ಬಿಡುವುದರಲ್ಲೂ ಗಡಸು, ಮೆದು ಎರಡೂ ಇವೆ ಅಂತ ಆ ಸಾಲಿನ ಅರ್ಥ. ಗೋ ಗಡಸು, ಜು ಮೆದು.

ಇದು ಬರೀ ಹೆಸರಲ್ಲ, ಮೈಗೇ ಗೊತ್ತಾಗುತ್ತೆ. ಸಾನ್ಚಿನ್ ಅನ್ನೋ ಕಾತಾದಲ್ಲಿ (ಕಾತಾ ಅಂದ್ರೆ ಒಂದೇ ಕ್ರಮದಲ್ಲಿ ಮಾಡೋ ಚಲನೆಗಳ ಸರಣಿ) ಕಾಲ್ಬೆರಳಿಂದ ನೆಲ ಹಿಡಿದು, ಹೊಟ್ಟೆ ಬಿಗಿದು, ಸದ್ದು ಬರುವಂತೆ ಉಸಿರು ಬಿಡಬೇಕು. ಗುರುಗಳು ಹಿಂದೆ ನಿಂತು ಭುಜಕ್ಕೆ, ತೊಡೆಗೆ ಪಟಾರ್ ಅಂತ ಹೊಡೆದು ಬಿಗಿ ಇದೆಯಾ ನೋಡ್ತಾರೆ. ಮೊದಲ ಸಲ ನಾನು ಉಸಿರು ಬಿಡೋದನ್ನೇ ಮರೆತಿದ್ದೆ! ಹಿಗಾಒನ್ನಾ ಇದನ್ನು ತೆರೆದ ಅಂಗೈಯಲ್ಲಿ ಕಲಿಸುತ್ತಿದ್ದರಂತೆ, ಮುಷ್ಟಿ ಬಂದಿದ್ದು ಆಮೇಲೆ. ಮಿಯಾಗಿ ರಚಿಸಿದ ತೆನ್ಶೋ ಅನ್ನೋ ಕಾತಾದಲ್ಲಿ ಮಾತ್ರ ಅಂಗೈ ಬಿಚ್ಚಿಯೇ ಇರುತ್ತೆ, ಮಣಿಕಟ್ಟು ನೀರಿನ ಹಾಗೆ ತಿರುಗುತ್ತೆ. ನನಗೆ ಇವತ್ತಿಗೂ ಕಷ್ಟ ಅನ್ಸೋದು ಇದೇ.

ಶಿನ್ಜಾತೊ 1945ರ ಯುದ್ಧದಲ್ಲಿ ತೀರಿಕೊಂಡರು, ಮಿಯಾಗಿ 1953ರಲ್ಲಿ. ಶಿಷ್ಯರು ಬೇರೆ ಬೇರೆ ದೋಜೋ, ಅಂದ್ರೆ ಕರಾಟೆ ಶಾಲೆ, ಕಟ್ಟಿದರು. ಅದಕ್ಕೇ ಒಂದೇ ಕಾತಾ ಎರಡು ಕ್ಲಾಸಲ್ಲಿ ಎರಡು ಥರ ಕಂಡರೆ ಗಾಬರಿಯಾಗಬೇಡಿ. ಅಂದ ಹಾಗೆ, ನಿಮ್ಮ ಮಗ ಮೊದಲು ಕಲಿಯೋದು ಬಹುಶಃ ಗೆಕಿಸಾಯ್ ಅನ್ನೋ ಕಾತಾ. ಅದನ್ನು ಮಿಯಾಗಿ 1940ರಲ್ಲಿ ಹೊಸಬರಿಗೆ ಸುಲಭ ಆಗಲಿ ಅಂತಲೇ ಮಾಡಿದ್ದು.