ಪುಸ್ತಕ ಕೊಂಡ ದಿನ ಮಾತ್ರ ನಿದ್ದೆ

ಧಾರವಾಡದ ಸಪ್ತಾಪುರದ ಕಡೆ ರೂಮು ಮಾಡಿಕೊಂಡು ಓದುವ ಹುಡುಗ ಹುಡುಗಿಯರು ಆಪ್ತಸಲಹೆಗಾರಳಾದ ನನ್ನ ಹತ್ತಿರ ಬಂದರೆ ಮೊದಲು ಹೇಳುವುದು, ಓದಿದ್ದು ತಲೆಗೆ ಹತ್ತುತ್ತಿಲ್ಲ ಅಂತ. ಸ್ವಲ್ಪ ಮಾತಾಡಿಸಿದರೆ ಬೇರೆಯೇ ಸಂಗತಿ ಹೊರಬರುತ್ತದೆ. ಓದಿರುವುದು ಕಡಿಮೆ, ಕೊಂಡಿರುವುದು ಜಾಸ್ತಿ. ಕೆಎಎಸ್‌ಗೆ ಓದುವವರಲ್ಲಿ, ಬಿ.ಎಡ್. ಮುಗಿಸಿ ಟಿಇಟಿಗೆ ಕೂತವರಲ್ಲಿ ಇದನ್ನು ನೋಡುತ್ತಲೇ ಬಂದಿದ್ದೇನೆ. ಕಾನೂನು ಓದುವವರಲ್ಲಿ ಇನ್ನೂ ಜೋರು. ಕಾನೂನು ಓದುವ ಒಬ್ಬ ಹುಡುಗನ ಈ ಪ್ರಕರಣ ಬರೆಯಲು ಕಾರಣ ಅದೇ. ಹುಡುಗನ ಒಪ್ಪಿಗೆ ಇದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಹಾವೇರಿ ಜಿಲ್ಲೆಯ ಹಳ್ಳಿಯವನು. ಬಿ.ಎ. ತನಕ ಕನ್ನಡ ಮಾಧ್ಯಮ. ಮನೆಯಲ್ಲಿ ಸ್ವಲ್ಪ ಮೆಣಸಿನಕಾಯಿ ಹೊಲ. ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಿದ್ದ. ಎರಡು ವಿಷಯ ಬ್ಯಾಕ್ ಉಳಿದವು, ರಾತ್ರಿ ನಿದ್ದೆ ಹೋಯಿತು. ಅಕ್ಕ ಕರೆದುಕೊಂಡು ಬಂದಳು. ಊಟ, ನಿದ್ದೆ, ಬದುಕು ಸಾಕಾಗಿದೆ ಅನ್ನಿಸುತ್ತದೆಯೇ ಅನ್ನುವುದನ್ನೆಲ್ಲ ಮೊದಲು ಕೇಳಿಕೊಂಡೆ. ಅಂಥದ್ದೇನಾದರೂ ಕಂಡಿದ್ದರೆ ಇಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳಿಸುತ್ತಿದ್ದೆ. ಕಾಣಲಿಲ್ಲ.

ಮುಂದಿನ ಸಲ ಬರುವಾಗ ಪುಸ್ತಕಗಳನ್ನು ತೆಗೆದುಕೊಂಡು ಬಾ ಅಂದೆ. ಎರಡು ಚೀಲ ತಂದ. "ಇನ್ನೂ ರೂಮಿನ್ಯಾಗ ಅದಾವ್ರಿ ಮೇಡಂ" ಅಂದ.

ಒಂದೊಂದೇ ಟೇಬಲ್ ಮೇಲೆ ಇಟ್ಟೆವು. ಕರಾರು ಕಾಯ್ದೆಗೆ ಇಂಗ್ಲಿಷಿನ ಎರಡು ಪಠ್ಯಪುಸ್ತಕ, ಕನ್ನಡದ ಒಂದು, ಮೇಲೆ ಒಂದು ಗೈಡ್. ಹಳೇ ಪುಸ್ತಕದಂಗಡಿಯಲ್ಲಿ ಕೊಂಡ ದಪ್ಪ ಐಪಿಸಿ, ಅಂದರೆ ಭಾರತೀಯ ದಂಡ ಸಂಹಿತೆ. "ಐಪಿಸಿ ಹೋತು, ರದ್ದಿಗೆ ಹಾಕು" ಅಂತ ಸೀನಿಯರ್ ಒಬ್ಬ ಹೇಳಿದ ಮೇಲೆ ಕೊಂಡ, ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ. "ಹಳೇದೂ ಬೇಕಾಗ್ತೈತಿ" ಅಂತ ಇನ್ನೊಬ್ಬ ಹೇಳಿದ್ದಕ್ಕೆ ಮತ್ತೊಂದು ಐಪಿಸಿ, ಈ ಸಲ ಹೊಸ ಮುದ್ರಣ! ಸಿವಿಲ್ ಜಡ್ಜ್ ಪರೀಕ್ಷೆಯ ಗೈಡುಗಳ ಒಂದು ಇಡೀ ಸೆಟ್. ಹೆಚ್ಚಿನವುಗಳಲ್ಲಿ ಪೆನ್ಸಿಲ್ ಗೆರೆ ಮೊದಲ ಅಧ್ಯಾಯದಲ್ಲೇ ನಿಂತಿತ್ತು.

ಇಷ್ಟು ಯಾಕೆ ಕೊಂಡೆ ಅಂತ ನಾನು ಕೇಳಲಿಲ್ಲ. ಅದನ್ನು ಮನೆಯಲ್ಲಿ ಸಾಕಷ್ಟು ಕೇಳಿರುತ್ತಾರೆ. ಕೊಂಡ ದಿನ ರಾತ್ರಿ ಹೇಗಿರುತ್ತದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಖರೇ ಹೇಳ್ಬೇಕಂದ್ರ, ಪುಸ್ತಕ ತಗೊಂಡ ದಿನ ಅಷ್ಟ ನಿದ್ದಿ ಹತ್ತತೈತ್ರಿ."

ಆ ಮಾತಿನ ನಂತರ ನಮ್ಮ ಕೆಲಸದ ದಿಕ್ಕು ಬದಲಾಯಿತು. ಇವನಿಗೆ ಪುಸ್ತಕ ಓದುವ ಸಾಮಾನಾಗಿ ಉಳಿದಿರಲಿಲ್ಲ, ನಿದ್ದೆ ಮಾತ್ರೆಯಾಗಿತ್ತು. ದುಡ್ಡು ಕೊಟ್ಟ ಕೂಡಲೇ ಏನೋ ಶುರು ಮಾಡಿದೆ ಅನ್ನುವ ಸಮಾಧಾನ ಸಿಗುತ್ತದೆ. ಎರಡು ದಿನಕ್ಕೆ ಅದೇ ಪುಸ್ತಕ ಮೂಲೆಯಿಂದ ಹೆದರಿಸುತ್ತದೆ. ಆ ಹೆದರಿಕೆಗೆ ಇನ್ನೊಂದು ಪುಸ್ತಕ. ಇಂಥವರಿಗೆ "ಇನ್ನು ಕೊಳ್ಳಬೇಡ" ಅಂದರೆ ಕದ್ದು ಕೊಳ್ಳುತ್ತಾರೆ. ಅವರಿಗೆ ಬೇಕಾಗಿರುವುದು, ಒಂದು ಪುಟ ನನಗೆ ಗೊತ್ತಾಯಿತು ಅನ್ನುವ ಅನುಭವ. ಅದನ್ನು ನನ್ನ ಕೋಣೆಯಲ್ಲೇ ಕೊಡಬೇಕು ಅನ್ನಿಸಿತು.

ನಾನು ವಕೀಲಳಲ್ಲ. ಆದರೂ ರಾಶಿಯಲ್ಲಿದ್ದ ಎಲ್ಲಕ್ಕಿಂತ ತೆಳ್ಳಗಿನ ಪುಸ್ತಕ ತೆಗೆದೆ. ನ್ಯಾಯ ಸಂಹಿತೆಯ ಬೇರ್ ಆ್ಯಕ್ಟ್. ಟೀಕೆ ಟಿಪ್ಪಣಿ ಇಲ್ಲ, ಬರೀ ಕಾಯ್ದೆ. 303ನೇ ಕಲಂ, ಕಳವು. ಓದು ಅಂದೆ. ತಡವರಿಸಿ ಓದಿದ. ಈಗ ನಿಮ್ಮ ಊರಿನ ಮಾತಿನಲ್ಲಿ ಹೇಳು ಅಂದೆ. ಆಗಲಿಲ್ಲ. ಕೆಳಗಿನ ಮೊದಲ ಉದಾಹರಣೆಗೆ ಬಂದೆವು. ಒಬ್ಬನ ಜಾಗದಲ್ಲಿರುವ ಮರವನ್ನು ಇನ್ನೊಬ್ಬ ಅಪ್ರಾಮಾಣಿಕವಾಗಿ ಒಯ್ಯುವ ಉದ್ದೇಶದಿಂದ, ಒಪ್ಪಿಗೆ ಇಲ್ಲದೆ ಕಡಿಯುತ್ತಾನೆ. ಕಡಿದು ಬೇರ್ಪಡಿಸಿದ ಕ್ಷಣವೇ ಕಳವು. ಕಳವು ಅನ್ನುವುದು ಚರ ಸ್ವತ್ತಿಗೆ, ಅಂದರೆ ಒಯ್ಯಬಹುದಾದ ವಸ್ತುವಿಗೆ ಮಾತ್ರ. ನಿಂತ ಮರ ಚರ ಸ್ವತ್ತಲ್ಲ, ಕಡಿದ ಮೇಲೆ ಆಗುತ್ತದೆ.

ಹುಡುಗ ನೆಟ್ಟಗೆ ಕೂತ. "ಅಂದ್ರ ಬದುವಿನ ಮ್ಯಾಗಿನ ಗಿಡ ಕಡದ್ರ? ಅವ ನಂದು ಅಂತಾನ, ಇವ ನಂದು ಅಂತಾನ. ಖರೇನ ತನ್ನದು ಅಂತ ನಂಬಿ ಕಡದಿದ್ರ ಅದೂ ಕಳವ ಏನ್ರಿ?"

ನನಗೆ ಗೊತ್ತಿಲ್ಲ, ಕೆಳಗೆ ನೋಡು ಅಂದೆ. ಉದಾಹರಣೆಗಳನ್ನು ಒಂದೊಂದಾಗಿ ಇಳಿಯುತ್ತ ಹೋದ. ಕೊನೆಯದರಲ್ಲಿ ಉತ್ತರ ಸಿಕ್ಕಿತು. ಬೇರೆಯವರ ವಸ್ತುವನ್ನು ಸದ್ಭಾವನೆಯಿಂದ ತನ್ನದೇ ಎಂದು ನಂಬಿ ತೆಗೆದುಕೊಂಡರೆ ಅಲ್ಲಿ ಅಪ್ರಾಮಾಣಿಕ ಉದ್ದೇಶ ಇಲ್ಲ, ಹಾಗಾಗಿ ಕಳವೂ ಅಲ್ಲ. ತಾನೇ ಓದಿ, ತಾನೇ ಕನ್ನಡದಲ್ಲಿ ಹೇಳಿದ. ಗೈಡಿನಲ್ಲಿ ಇದು ಎರಡು ಸಾಲಿನ "ಅಂಶ"ವಾಗಿ ಇರುತ್ತದೆ. ಅಲ್ಲಿ ಬದುವೂ ಇರುವುದಿಲ್ಲ, ಜಗಳವೂ ಇರುವುದಿಲ್ಲ.

ಆ ದಿನ ಕೊಟ್ಟ ಸಲಹೆ ಇಷ್ಟು. ಮೊದಲು ಭಾಷೆ ತೀರ್ಮಾನ ಮಾಡು, ಲೇಖಕರ ಹೆಸರು ಆಮೇಲೆ. ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯಲ್ಲೇ ಬರೆದಿರುತ್ತದೆ, ಉತ್ತರ ಪೂರ್ತಿ ಕನ್ನಡದಲ್ಲಿ ಇಲ್ಲವೇ ಪೂರ್ತಿ ಇಂಗ್ಲಿಷಿನಲ್ಲಿ ಇರಬೇಕು ಅಂತ. ಇದನ್ನು ತೀರ್ಮಾನಿಸದೇ ಇದ್ದದ್ದಕ್ಕೇ ಅವನು ಪ್ರತಿ ವಿಷಯಕ್ಕೂ ಎರಡು ಭಾಷೆಯ ಪುಸ್ತಕ ಕೊಂಡಿದ್ದ. ಅವನು ಕನ್ನಡ ಆರಿಸಿಕೊಂಡ. ಆಮೇಲೆ ವಿಷಯಕ್ಕೆ ಒಂದು ಬೇರ್ ಆ್ಯಕ್ಟ್, ಒಂದು ಪಠ್ಯಪುಸ್ತಕ, ಹಳೇ ಪ್ರಶ್ನೆಪತ್ರಿಕೆಗಳು. ಕೇಂದ್ರದ ಕಾಯ್ದೆಗಳು ಇಂಡಿಯಾ ಕೋಡ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಬೇರ್ ಆ್ಯಕ್ಟ್ ಮೇಲೆ ಏನೂ ಬರೆಯಬೇಡ, ಟಿಪ್ಪಣಿಗೆ ಬೇರೆ ನೋಟ್‌ಬುಕ್ ಇಡು. ಮುಂದೆ ವಕೀಲರ ಅರ್ಹತಾ ಪರೀಕ್ಷೆಗೆ ಟಿಪ್ಪಣಿ ಇಲ್ಲದ ಬೇರ್ ಆ್ಯಕ್ಟ್ ಮಾತ್ರ ಒಳಗೆ ಬಿಡುತ್ತಾರೆ.

ಹಳೇ ಪುಸ್ತಕ ಕೊಳ್ಳುವುದು ತಪ್ಪಲ್ಲ, ಇಸವಿ ನೋಡಬೇಕು. ನಿರ್ದಿಷ್ಟ ಪರಿಹಾರ ಕಾಯ್ದೆಗೆ 2018ರಲ್ಲಿ ದೊಡ್ಡ ತಿದ್ದುಪಡಿ ಆಗಿದೆ. ಗ್ರಾಹಕ ಸಂರಕ್ಷಣೆಗೆ 1986ರದ್ದು ಹೋಗಿ 2019ರ ಕಾಯ್ದೆ ಬಂದಿದೆ. ಐಪಿಸಿ ವಿಷಯದಲ್ಲಿ ಆ ಇಬ್ಬರು ಸೀನಿಯರ್‌ಗಳು ಹೇಳಿದ್ದೂ ಅರ್ಧರ್ಧ ನಿಜ. 2024ರ ಜುಲೈ 1ಕ್ಕಿಂತ ಮೊದಲು ನಡೆದ ಅಪರಾಧಕ್ಕೆ ಐಪಿಸಿಯೇ ಅನ್ವಯ, ಹಾಗಾಗಿ ಕೋರ್ಟಿನಲ್ಲಿ ಅದು ಇನ್ನೂ ವರ್ಷಗಟ್ಟಲೆ ಇರುತ್ತದೆ. ಆದರೆ ಮುಂದಿನ ಸೆಮಿಸ್ಟರ್‌ಗೆ ಯಾವುದು ಬೇಕು ಅನ್ನುವುದನ್ನು ಸಿಲೆಬಸ್ ಹೇಳಬೇಕು, ಸೀನಿಯರ್ ಅಲ್ಲ. ಜಡ್ಜ್ ಗೈಡುಗಳನ್ನು ಮಾರಿಬಿಡು ಅಂದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಪರೀಕ್ಷೆಗೆ ಮೂರು ವರ್ಷದ ವಕೀಲಿಕೆ ಮತ್ತೆ ಕಡ್ಡಾಯ ಮಾಡಿದೆ. ಇವನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಆ ಗೈಡುಗಳು ಹಳೆಯವಾಗಿರುತ್ತವೆ.

ಕಾನೂನು ಪಾಠ ಹೇಳುವ ನನ್ನ ಪರಿಚಯದವರೊಬ್ಬರಿಗೆ ಇದು ಹಿಡಿಸಲಿಲ್ಲ. ವಿದ್ಯಾರ್ಥಿ ನಾಲ್ಕು ಲೇಖಕರನ್ನು ಓದಬೇಕು, ನೀವು ಅವನನ್ನು ಕುಬ್ಜ ಮಾಡುತ್ತಿದ್ದೀರಿ, ಪುಸ್ತಕ ಹೇಳುವುದು ಆಪ್ತಸಲಹೆಗಾರರ ಕೆಲಸವೂ ಅಲ್ಲ ಅಂದರು. ನಾಲ್ಕು ಲೇಖಕರನ್ನು ಓದಬೇಕು, ಒಪ್ಪುತ್ತೇನೆ. ಅದಕ್ಕೆ ಲೈಬ್ರರಿ ಇದೆ. ಒಬ್ಬ ಲೇಖಕನನ್ನೂ ದಾಟಲಾಗದೆ ರಾತ್ರಿ ಎದ್ದು ಕೂರುವವನಿಗೆ ನಾಲ್ಕರ ಪಟ್ಟಿ ಕೊಡುವುದು ನನ್ನ ಪ್ರಕಾರ ಸರಿಯಲ್ಲ. ನಿದ್ದೆ ಕೆಡಿಸುತ್ತಿರುವುದು ಪುಸ್ತಕದ ಪಟ್ಟಿಯೇ ಆಗಿದ್ದರೆ ಅದನ್ನು ಮುಟ್ಟದೆ ಬರೀ ಉಸಿರಾಟದ ಅಭ್ಯಾಸ ಹೇಳಿ ಕಳಿಸಲು ನನಗೆ ಮನಸ್ಸಾಗುವುದಿಲ್ಲ.

ಇನ್ನೊಂದು ಸಂಗತಿ. ದಾವೆ ಬರೆಯುವುದನ್ನು ಕಲಿಸುತ್ತೇವೆ ಅನ್ನುವ ಪುಸ್ತಕಗಳೂ ಆ ಚೀಲದಲ್ಲಿದ್ದವು. ಕೈಕಸುಬು ಪುಸ್ತಕದಿಂದ ಅಷ್ಟಾಗಿ ಬರುವುದಿಲ್ಲ. ಬಾರ್ ಕೌನ್ಸಿಲ್ ನಿಯಮದಲ್ಲೇ ಮೂರು ವರ್ಷದ ಕೋರ್ಸಿಗೆ ಕನಿಷ್ಠ 12 ವಾರದ ಇಂಟರ್ನ್‌ಶಿಪ್ ಇದೆ. ಎಷ್ಟೋ ಮಕ್ಕಳು ಸಹಿ ಮಾಡಿಸಿಕೊಂಡು ಅದನ್ನು ಮುಗಿಸಿಬಿಡುತ್ತಾರೆ. ಇವನಿಗೆ ಎರಡು ಕೆಲಸ ಹೇಳಿದೆ. ಊರಿಗೆ ಹೋದಾಗ ಮನೆಯ ಖರೀದಿ ಪತ್ರ, ಉತಾರ (ಪಹಣಿ) ತೆಗೆದು ಅಪ್ಪನ ಎದುರು ಕೂತು ಓದು, ಅದರಲ್ಲಿ ಬರೆದ ಚೆಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿನ ಗಡಿ, ಹೊಲಕ್ಕೆ ಹೋಗಿ ತಾಳೆ ನೋಡು. ಇಲ್ಲಿದ್ದಾಗ ತಿಂಗಳಿಗೊಮ್ಮೆಯಾದರೂ ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಕೂತು ಬಾ. ಎರಡಕ್ಕೂ ಬಸ್ ಚಾರ್ಜ್ ಬಿಟ್ಟರೆ ಖರ್ಚಿಲ್ಲ.

ಮನೆಯವರಿಗೂ ಒಂದು ಮಾತು ಹೇಳಿದೆ. ಫೋನ್ ಮಾಡಿದಾಗ "ಪುಸ್ತಕಕ್ಕ ರೊಕ್ಕ ಬೇಕೇನಪಾ" ಅಂತ ಕೇಳುವುದನ್ನು ಸ್ವಲ್ಪ ದಿನ ಬಿಡಿ. ಇವತ್ತು ಏನು ಓದಿದೆ, ನಮಗೂ ಹೇಳು ಅಂತ ಕೇಳಿ. ಅಪ್ಪ ಈಗ ಬದುವಿನ ಗಿಡದ ಬಗ್ಗೆ ವಾದಕ್ಕೇ ನಿಲ್ಲುತ್ತಾರಂತೆ.

ಎರಡು ಬ್ಯಾಕ್‌ನಲ್ಲಿ ಒಂದು ಪಾಸಾಗಿದೆ, ಒಂದು ಉಳಿದಿದೆ. ನಿದ್ದೆ ಪರವಾಗಿಲ್ಲ, ಪರೀಕ್ಷೆ ಹತ್ತಿರ ಬಂದಾಗ ಮತ್ತೆ ಕೆಡುತ್ತದೆ. ಜಡ್ಜ್ ಗೈಡುಗಳನ್ನು ಮಾರಲು ಅವನಿಗೆ ಇನ್ನೂ ಮನಸ್ಸಾಗಿಲ್ಲ. ಈಚೆಗೆ ಇಂಗ್ಲಿಷ್–ಕನ್ನಡ ಕಾನೂನು ನಿಘಂಟು ಒಂದನ್ನು ಕೊಂಡು, ಬೈಸಿಕೊಳ್ಳಲು ತಯಾರಾಗಿಯೇ ನನಗೆ ತೋರಿಸಿದ. ನಾನು ಬೈಯಲಿಲ್ಲ. ಅದರ ಪುಟಗಳ ಅಂಚು ಆಗಲೇ ಮಾಸಿತ್ತು.